ಹದ ಯಾರ ಕೈಯಲ್ಲಿದೆ?

‘ಕೈಮಗ್ಗ’ ಎಂಬ ಪದದೊಳಗೆ ಒಂದು ಚರಿತ್ರೆಯೇ ಅಡಗಿದೆ. ನೇಕಾರನಾಗಿದ್ದ ವಚನಕಾರ ಜೇಡರ ದಾಸಿಮಯ್ಯನ ಕಾಲದಲ್ಲಿ ಮಗ್ಗವನ್ನು ಮಗ್ಗವೆಂದರೆ ಸಾಕಿತ್ತು. ಕೈಯಿಂದ ನಡೆಯದ ಮಗ್ಗವೇ ಇಲ್ಲದಿದ್ದಾಗ ‘ಕೈ’ ಎಂಬ ವಿಶೇಷಣಕ್ಕೆ ಕೆಲಸವಿರಲಿಲ್ಲ. 1785ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದು, ಮುಂದಿನ ಶತಮಾನದಲ್ಲಿ ಗಿರಣಿಯ ಬಟ್ಟೆ ಊರೂರಿನ ಸಂತೆಯನ್ನು ತುಂಬಿದ ಮೇಲೆ ಹಳೆಯ ಮಗ್ಗಕ್ಕೆ ಹೊಸ ಹೆಸರು ಬೇಕಾಯಿತು. ಹೈಬ್ರಿಡ್ ಬೀಜ ಬಂದ ಮೇಲೆ ಊರಿನ ಬದನೆ, ಸೌತೆಗಳು ‘ಜವಾರಿ’ಯಾದದ್ದೂ ಫಾರಂ ಕೋಳಿ ಬಂದ ಮೇಲೆ ಹಿತ್ತಲಿನ ಕೋಳಿ ‘ನಾಟಿ’ಯಾದದ್ದೂ ಇದೇ ಬಗೆಯಲ್ಲಿ. ಎದುರಾಳಿ ಬರುವವರೆಗೆ ಹೆಸರಿಲ್ಲದೆ ಬದುಕಿದ್ದ ವಸ್ತುವಿಗೆ, ಎದುರಾಳಿ ಗೆದ್ದ ಮೇಲೆ, ಹೆಸರಿನ ಜೊತೆಗೆ ಗೌರವವೂ ಸ್ವಲ್ಪ ಹೆಚ್ಚಿನ ಬೆಲೆಯೂ ದೊರೆಯುತ್ತದೆ.

ಹೀಗೆ ಹುಟ್ಟಿದ ಪದಗಳಿಗೆ ಒಂದು ತೊಡಕಿದೆ. ಅವು ವಸ್ತು ಏನಲ್ಲ ಎಂಬುದನ್ನು ಹೇಳುತ್ತವೆಯೇ ಹೊರತು ಅದು ಏನು ಎಂಬುದನ್ನು ಹೇಳುವುದಿಲ್ಲ. ಕೈಮಗ್ಗದ ಉತ್ಪನ್ನಗಳಿಗೆ ಮೀಸಲಾತಿ ಕೊಡಲು 1985ರಲ್ಲಿ ಸಂಸತ್ತು ಮಾಡಿದ ಕಾಯ್ದೆಯಲ್ಲಿ ಕೈಮಗ್ಗವೆಂದರೆ ‘ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ’ ಎಂಬ ಅರ್ಥದ ವ್ಯಾಖ್ಯೆಯೇ ಇದೆ. ಕರಕುಶಲ ವಸ್ತು ಎಂದರೇನು ಎಂಬ ಪ್ರಶ್ನೆ ಮರದ ಪೀಠೋಪಕರಣಗಳ ಸುಂಕದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, 1995ರಲ್ಲಿ ನ್ಯಾಯಾಲಯ ಎರಡು ಲಕ್ಷಣಗಳನ್ನು ಗುರುತಿಸಿತು: ಅದು ಪ್ರಧಾನವಾಗಿ ಕೈಯಿಂದ ತಯಾರಾಗಿರಬೇಕು, ನಡುವೆ ಯಂತ್ರ ಬಳಸಿದ್ದರೂ ಅಡ್ಡಿಯಿಲ್ಲ, ಮತ್ತು ಅದರಲ್ಲಿ ಕಣ್ಣಿಗೆ ಕಾಣುವಂಥ, ತೋರಿಕೆಗೆ ಮಾತ್ರವಲ್ಲದ ಅಲಂಕಾರದ ಕೆಲಸವಿರಬೇಕು. 2017ರಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ, 2018ರಲ್ಲಿ, ಸರ್ಕಾರ ಕರಕುಶಲ ವಸ್ತುಗಳಿಗೆ ಕೊಟ್ಟ ವಿವರಣೆಯೂ ಹೆಚ್ಚುಕಡಿಮೆ ಇದೇ ಜಾಡಿನದು.

ತೆರಿಗೆ ವಿಧಿಸುವವರಿಗೆ ಈ ವ್ಯಾಖ್ಯೆ ಸಾಕಾಗಬಹುದು, ಆದರೆ ಎರಡನೆಯ ಲಕ್ಷಣವನ್ನು ಒಪ್ಪುವುದು ಕಷ್ಟ. ಅಲಂಕಾರವೇ ಕೈಕೆಲಸದ ಗುರುತಾದರೆ ಮೇದಾರರು ಹೆಣೆದ ಮೊರ, ಕುಂಬಾರರು ತಟ್ಟಿದ ನೀರಿನ ಗಡಿಗೆ, ಮನೆಯಲ್ಲಿ ಕಟ್ಟಿದ ತೆಂಗಿನ ಕಡ್ಡಿಯ ಪೊರಕೆ, ಬಿಳಿಯ ಸಾದಾ ಖಾದಿ ಎಲ್ಲವೂ ಹೊರಗುಳಿಯುತ್ತವೆ. ಕೈಯಿಂದ ಮಾಡಿದ ವಸ್ತುಗಳಲ್ಲಿ ಬಹುಪಾಲು ಸಾದಾ ವಸ್ತುಗಳೇ, ಅವುಗಳ ಸೊಬಗು ಮೇಲೆ ಹಚ್ಚಿದ್ದಲ್ಲ. ಆ ತೆರಿಗೆ ಜಾರಿಯಾದ 2017ರಲ್ಲಿಯೇ ಹೆಗ್ಗೋಡಿನ ರಂಗಕರ್ಮಿ ಪ್ರಸನ್ನ ಅವರು ಕೈ ಉತ್ಪನ್ನಗಳಿಗೆಲ್ಲ ಶೂನ್ಯ ಕರ ಇರಬೇಕೆಂದು ಸತ್ಯಾಗ್ರಹ ನಡೆಸಿದರು. ಆ ಬೇಡಿಕೆಗೆ ಅಲಂಕಾರವಲ್ಲ, ದುಡಿಮೆಯ ಬಗೆಯೇ ಅಳತೆಗೋಲಾಗಿತ್ತು.

ಹಾಗಾದರೆ ಮೊದಲ ಲಕ್ಷಣವಾದರೂ, ಅಂದರೆ ‘ಪ್ರಧಾನವಾಗಿ ಕೈಯಿಂದ’ ಎಂಬುದಾದರೂ ಗಟ್ಟಿಯೇ? ಬರಿಗೈಯಿಂದ ಆಗುವ ಕೆಲಸ ಬಹಳ ಕಡಿಮೆ. ಕುಂಬಾರನ ತಿಗರಿ ಒಂದು ಯಂತ್ರ, ಮಗ್ಗವಂತೂ ಕೈಗಾರಿಕಾ ಯುಗಕ್ಕೆ ಮುಂಚೆ ಮನುಷ್ಯ ಕಟ್ಟಿದ ಬಹು ಜಟಿಲವಾದ ಯಂತ್ರಗಳಲ್ಲಿ ಒಂದು. ಇಂದು ನಾವು ‘ಸಾಂಪ್ರದಾಯಿಕ’ ಎಂದು ಕರೆಯುವ ಅನೇಕ ಮಗ್ಗಗಳಲ್ಲಿ ಲಾಳಿಯನ್ನು ಹಗ್ಗ ಎಳೆದು ಹಾರಿಸುವ ವ್ಯವಸ್ಥೆಯಿದೆ, ಅದು 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಪೇಟೆಂಟ್ ಪಡೆದ ಸಾಧನ. ಚನ್ನಪಟ್ಟಣದ ಗೊಂಬೆಗಳನ್ನು ಮಾಡುವ ಲೇತ್‌ಗಳಲ್ಲಿ ಹೆಚ್ಚಿನವು ಇಂದು ವಿದ್ಯುತ್ ಮೋಟಾರಿನಿಂದ ತಿರುಗುತ್ತವೆ. ಆದರೂ ಆ ಗೊಂಬೆಯನ್ನು ಕಾರ್ಖಾನೆಯ ಮಾಲು ಎನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಏಕೆಂದರೆ ಮೋಟಾರು ಮಾಡುವುದು ಆಲೆಮರದ ತುಂಡನ್ನು ತಿರುಗಿಸುವ ಕೆಲಸ ಮಾತ್ರ. ಉಳಿಯನ್ನು ಎಷ್ಟು ಒತ್ತಬೇಕು, ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಯಾವ ಬಿರುಸಿನಲ್ಲಿ ತಾಗಿಸಬೇಕು, ಉಜ್ಜಾಟದ ಕಾವಿಗೆ ಅರಗು ಕರಗಿ ಹರಡಿದ ಕೂಡಲೇ ತಾಳೆಗರಿಯನ್ನು ಒತ್ತಿ ಎಷ್ಟು ಹೊತ್ತು ಹೊಳಪು ಕೊಡಬೇಕು ಎಂಬುದೆಲ್ಲ ಲೇತಿನ ಮುಂದೆ ಕುಳಿತವರಿಗೆ ಸೇರಿದ್ದು. ಒತ್ತಡ ಕಡಿಮೆಯಾದರೆ ಅರಗು ಹಿಡಿಯುವುದಿಲ್ಲ, ಹೆಚ್ಚಾದರೆ ಬಣ್ಣ ಕೆಡುತ್ತದೆ.

ಈ ‘ಎಷ್ಟು’ ಎಂಬುದಕ್ಕೆ ಕನ್ನಡದಲ್ಲಿ ಒಂದು ಅಪರೂಪದ ಪದವಿದೆ: ಹದ. ಬೆಲ್ಲದ ಪಾಕಕ್ಕೆ ಹದವಿದೆ, ಹೊಲದ ಮಣ್ಣಿಗೆ ಹದವಿದೆ, ಚರ್ಮವನ್ನು ಹದ ಮಾಡುತ್ತಾರೆ, ರೊಟ್ಟಿಯ ಹಿಟ್ಟು ಹದಕ್ಕೆ ಬರಬೇಕು. ಹದವನ್ನು ಗಡಿಯಾರ ನೋಡಿಯೋ ತಕ್ಕಡಿ ಹಿಡಿದೋ ಪೂರ್ತಿಯಾಗಿ ಹೇಳಲಾಗದು. ಅಂದಿನ ಹವೆ, ಆ ದಿನದ ಸಾಮಗ್ರಿ, ಒಲೆಯ ಉರಿ ಎಲ್ಲವನ್ನೂ ನೋಡಿ ಆ ಗಳಿಗೆಯಲ್ಲೇ ಗುರುತಿಸಬೇಕಾದದ್ದು ಅದು. ಕೈಕೆಲಸವೆಂದರೆ ಕೈಯನ್ನು ಬಳಸಿದ ಕೆಲಸವೆಂದಲ್ಲ, ಹದವನ್ನು ನಿರ್ಧರಿಸುವ ಅಧಿಕಾರ ಮಾಡುವವರ ಕೈಯಲ್ಲಿಯೇ ಉಳಿದಿರುವ ಕೆಲಸವೆಂದು ಅರ್ಥ ಮಾಡಿಕೊಂಡರೆ ಗೊಂದಲದ ಬಹುಪಾಲು ಕರಗುತ್ತದೆ. ಕಾರ್ಖಾನೆಯಲ್ಲಿಯೂ ಕೈಗಳು ದುಡಿಯುತ್ತವೆ. ಸಿದ್ಧ ಉಡುಪಿನ ಘಟಕದಲ್ಲಿ ದಿನವಿಡೀ ಅಂಗಿಯ ಒಂದೇ ತೋಳನ್ನು ಹೊಲಿಯುವ ಹೆಣ್ಣುಮಗಳ ಕೈ ಬೇರೆ ಯಾವ ಕೈಗಿಂತಲೂ ಕಡಿಮೆ ದಣಿಯುವುದಿಲ್ಲ. ಆದರೆ ಅಲ್ಲಿ ಹದವನ್ನು ಬೇರೆಯವರು, ಬೇರೆಡೆ, ಮೊದಲೇ ತೀರ್ಮಾನಿಸಿರುತ್ತಾರೆ.

ಇಂಗ್ಲೆಂಡಿನ ಪೀಠೋಪಕರಣ ಕುಶಲಕರ್ಮಿ ಮತ್ತು ಅಧ್ಯಾಪಕ ಡೇವಿಡ್ ಪೈ 1968ರಲ್ಲಿ ಮಂಡಿಸಿದ ವಿಚಾರವೊಂದು ಇದಕ್ಕೆ ಹತ್ತಿರದ್ದು. ಕೈ ಮತ್ತು ಯಂತ್ರ ಎಂಬ ವಿಂಗಡಣೆಯನ್ನೇ ಬದಿಗಿಟ್ಟು, ಆತ ಕೆಲಸವನ್ನು ಅಪಾಯದ ಕೆಲಸ ಮತ್ತು ನಿಶ್ಚಿತತೆಯ ಕೆಲಸ ಎಂದು ವಿಭಾಗಿಸಿದ. ಮಾಡುವಾಗಿನ ಪ್ರತಿ ಗಳಿಗೆಯಲ್ಲೂ ವಸ್ತು ಕೆಡುವ ಸಾಧ್ಯತೆ ಇರುವುದು ಮೊದಲನೆಯದು. ಫಲಿತಾಂಶ ಅಚ್ಚಿನಲ್ಲಿ ಮುಂಚೆಯೇ ನಿಗದಿಯಾಗಿರುವುದು ಎರಡನೆಯದು. ಲೇಖನಿಯಿಂದ ಬರೆಯುವುದಕ್ಕೂ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸುವುದಕ್ಕೂ ಇರುವ ವ್ಯತ್ಯಾಸವೇ ಇದು. ಮುದ್ರಣದಲ್ಲಿಯೂ ಕೌಶಲ ಬೇಕು, ಆದರೆ ಅದು ಮುದ್ರಣಕ್ಕೆ ಮುಂಚಿನ ಸಿದ್ಧತೆಯಲ್ಲಿ ಮುಗಿದಿರುತ್ತದೆ.

ಈ ಅಪಾಯ ಎಂಥದ್ದೆಂದು ತಿಳಿಯಲು ಬೀದರಿನ ಬಿದ್ರಿ ಕೆಲಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನ ಕಡೆಯಿಂದ ಬಂದ ಕುಶಲಕರ್ಮಿಗಳೊಂದಿಗೆ ಈ ವಿದ್ಯೆ ಬೀದರಿನಲ್ಲಿ ನೆಲೆಯೂರಿತೆಂಬುದು ಪರಂಪರೆಯ ಮಾತು. ಹೂಜಿ, ಹುಕ್ಕಾದ ಬುರುಡೆ, ತಟ್ಟೆ, ಹೂದಾನಿ ಯಾವುದೇ ಇರಲಿ, ಅದರ ಮೈ ಸತು ಮತ್ತು ತಾಮ್ರದ ಮಿಶ್ರಲೋಹ. ಸತುವೇ ಬಹುಪಾಲು, ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವೆಂದು ಲೆಕ್ಕ. ಕರಗಿಸಿದ ಲೋಹವನ್ನು ಮರಳುಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿದಾಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಈ ಕಪ್ಪು, ಚಿತ್ರ ಬಿಡಿಸುವವನ ಹಲಗೆ. ಮೊನಚಾದ ಕಡ್ಡಿಯಿಂದ ಅದರ ಮೇಲೆ ಬಳ್ಳಿ, ಹೂವು, ಜ್ಯಾಮಿತಿಯ ಜಾಲರಿಗಳನ್ನು ಬಿಡಿಸಿ, ಸಣ್ಣ ಉಳಿಗಳಿಂದ ಆ ಗೆರೆಗಳನ್ನು ಕೊರೆಯುತ್ತಾರೆ. ಕೊರೆದ ಸಾಲಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂದೂ ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎಂದೂ ಹೆಸರು. ಸಾಲು ಆಳ ಕಡಿಮೆಯಾದರೆ ಬೆಳ್ಳಿ ಎದ್ದು ಬರುತ್ತದೆ, ಹೆಚ್ಚಾದರೆ ಗೆರೆ ಹುದುಗಿಹೋಗುತ್ತದೆ, ಉಳಿ ಕೂದಲೆಳೆಯಷ್ಟು ಜಾರಿದರೂ ಗೀರು ಹಾಗೆಯೇ ಉಳಿಯುತ್ತದೆ. ಇದಾದ ಮೇಲೆ ಮತ್ತೆ ಉಜ್ಜಿ ಹೊಳಪು ಕೊಡುವಾಗ ತಾತ್ಕಾಲಿಕ ಕಪ್ಪು ಅಳಿಸಿಹೋಗಿ, ಬೂದುಬಿಳಿಯ ಲೋಹದ ಮೇಲಿನ ಬೆಳ್ಳಿ ಹೆಚ್ಚುಕಡಿಮೆ ಕಣ್ಮರೆಯಾಗುತ್ತದೆ. ದಿನಗಟ್ಟಲೆ ಮಾಡಿದ ಕೆಲಸ ಕಣ್ಣಿಗೆ ಕಾಣದಂತಾಗುವ ಹಂತ ಇದು.

ಅದನ್ನು ಮರಳಿ ತರುವುದು ಮಣ್ಣು. ಬೀದರ್ ಕೋಟೆಯ ಹಳೆಯ ಕಟ್ಟಡಗಳ ಒಳಗಿನ, ತಲೆಮಾರುಗಳಿಂದ ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ, ಹದವಾಗಿ ಬಿಸಿ ಮಾಡಿದ ವಸ್ತುವಿನ ಮೇಲೆ ಉಜ್ಜಿದರೆ ಮಿಶ್ರಲೋಹ ಮಾತ್ರ ಕಾಡಿಗೆಯಂತೆ ಕಪ್ಪಾಗಿ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಮಿಶ್ರಣದಲ್ಲಿ ತಾಮ್ರದ ಪಾಲು ಚಿಕ್ಕದಾದರೂ ಈ ಕಪ್ಪಿಗೆ ಅದು ಬೇಕೇ ಬೇಕು. ಯಾವ ಮಣ್ಣು ಕೆಲಸಕ್ಕೆ ಬರುತ್ತದೆ ಎಂಬುದನ್ನು ಅನುಭವಿಗಳು ನಾಲಿಗೆಗೆ ಸೋಕಿಸಿ ರುಚಿಯಿಂದಲೇ ಹೇಳುವುದುಂಟು. ಹೊಳಪು ಕೊಡುವ ಹಂತದಲ್ಲಿ ಇಂದು ವಿದ್ಯುತ್ತಿನ ಯಂತ್ರ ಬಂದಿದೆ, ಅದರಿಂದ ಬಿದ್ರಿ ಬಿದ್ರಿಯಾಗಿ ಉಳಿಯುವುದಕ್ಕೆ ಯಾವ ಧಕ್ಕೆಯೂ ಆಗಿಲ್ಲ. ಕೊರೆಯುವುದು, ಕೂರಿಸುವುದು, ಮಣ್ಣು ಆರಿಸುವುದು, ಕಾವು ನೋಡುವುದು ಇನ್ನೂ ಕುಶಲಕರ್ಮಿಯದೇ. ಈ ಕಲೆಗಾಗಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು.

ಬಿದ್ರಿಯಲ್ಲಿ ಅಪಾಯ ಕಣ್ಣಿಗೆ ಕಾಣುತ್ತದೆ. ಬಟ್ಟೆಯಲ್ಲಿ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿಟ್ಟ ಎರಡು ಇಳಕಲ್ ಸೀರೆಗಳಲ್ಲಿ ಯಾವುದು ಕೈಮಗ್ಗದ್ದೆಂದು ಹೇಳಲು ಬಹಳ ಜನರಿಗೆ ಆಗದು. ನೋಡಬೇಕಾದ ಜಾಗ ಸೆರಗು ಮತ್ತು ಒಡಲು ಕೂಡುವ ಗೆರೆ. ಸಾಮಾನ್ಯ ಸೀರೆಯಲ್ಲಿ ಹಾಸಿನ ಎಳೆಗಳು, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ. ಸೆರಗಿಗೆ ಬೇರೆ ಬಣ್ಣ ಬೇಕೆಂದರೆ ಹೊಕ್ಕಿನ, ಅಂದರೆ ಅಡ್ಡಕ್ಕೆ ಓಡುವ, ಎಳೆಯನ್ನು ಬದಲಾಯಿಸುತ್ತಾರೆ. ಆದರೆ ಕೆಳಗಿನ ಹಾಸು ಒಡಲಿನ ಬಣ್ಣದ್ದೇ ಆಗಿರುವುದರಿಂದ ಸೆರಗಿನ ಬಣ್ಣದಲ್ಲಿ ಅದರ ನೆರಳು ಬೀಳುತ್ತದೆ. ಇಳಕಲ್ಲಿನ ನೇಕಾರರು ಇದನ್ನು ಒಪ್ಪಲಿಲ್ಲ. ಅವರು ಒಡಲಿಗೆ ಹತ್ತಿಯ ಹಾಸನ್ನೂ ಸೆರಗಿಗೆ ಕೆಂಪು ರೇಷ್ಮೆಯ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯ ಕುಣಿಕೆಯನ್ನು ತೂರಿಸಿ, ಎರಡನ್ನೂ ಕೊಂಡಿ ಹಾಕುತ್ತಾರೆ. ಒಂದೆರಡಲ್ಲ, ಬಟ್ಟೆಯ ಅಗಲದಲ್ಲಿರುವ ಅಷ್ಟೂ ಎಳೆಗಳನ್ನು, ಒಂದೊಂದಾಗಿ. ಕೊಂಡಿ ಬಿದ್ದ ಆ ಗೆರೆಯಾಚೆ ಹಾಸೂ ಕೆಂಪು, ಹೊಕ್ಕೂ ಕೆಂಪು. ಹಾಗಾಗಿ ಆ ಕೆಂಪಿಗೆ ಬೇರೆಲ್ಲಿಯೂ ಸಿಗದ ತೀವ್ರತೆಯಿದೆ. ಅದರ ಮೇಲೆ ಬಿಳಿಯಲ್ಲಿ ಮೂಡುವ ತೋಪುತೆನೆಯ ಚಿತ್ತಾರ ಉತ್ತರ ಕರ್ನಾಟಕದವರಿಗೆ ದೂರದಿಂದಲೇ ಗುರುತು ಸಿಗುತ್ತದೆ.

ಇದನ್ನು ಯಂತ್ರ ಏಕೆ ಮಾಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಯಂತ್ರದ ಅಸಾಮರ್ಥ್ಯಕ್ಕಿಂತ ಅದರ ಲೆಕ್ಕಾಚಾರದಲ್ಲಿದೆ. ವಿದ್ಯುತ್ ಮಗ್ಗದ ಲಾಭವೆಲ್ಲ ನಿಲ್ಲದೆ ಓಡುವುದರಲ್ಲಿದೆ. ಉದ್ದನೆಯ ಹಾಸನ್ನು ಒಮ್ಮೆ ಏರಿಸಿದರೆ ಒಂದೇ ಬಗೆಯ ಬಟ್ಟೆ ಮೀಟರುಗಟ್ಟಲೆ ಹರಿದುಬರಬೇಕು. ಇಳಕಲ್ಲಿನ ಕೊಂಡಿ ಸೀರೆಗೆ ಪ್ರತಿ ಸೀರೆಗೂ ಹೊಸ ಹಾಸು, ಹೊಸ ಕೊಂಡಿ ಬೇಕು. ಆರು ಗಜವೋ ಒಂಬತ್ತು ಗಜವೋ ನೇಯ್ದೊಡನೆ ಓಟ ಮುಗಿಯಿತು. ಯಂತ್ರದ ದೃಷ್ಟಿಯಲ್ಲಿ ಇದು ಶುದ್ಧ ನಷ್ಟ, ಕೈಮಗ್ಗದ ದೃಷ್ಟಿಯಲ್ಲಿ ಇದೇ ಸ್ವಾತಂತ್ರ್ಯ, ಏಕೆಂದರೆ ಮುಂದಿನ ಸೀರೆಯ ಒಡಲು ಬೇರೆ ಬಣ್ಣದ್ದಾಗಬಹುದು, ಅಂಚಿನ ವಿನ್ಯಾಸ ಚಿಕ್ಕಿಯ ಬದಲು ಗೋಮಿಯಾಗಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಕೈಯಿಂದ ಮಾಡಿದ ವಸ್ತುಗಳು ಒಂದರಂತೆ ಇನ್ನೊಂದಿಲ್ಲ ಎಂದು ಜಾಹೀರಾತುಗಳು ಹೊಗಳುವುದರ ಹಿಂದಿರುವ ನಿಜವಾದ ಕಾರಣ ಇದು. ಅದು ಕೈ ನಡುಗಿದ್ದರಿಂದ ಬಂದ ವ್ಯತ್ಯಾಸವಲ್ಲ, ಪ್ರತಿಸಲವೂ ಹೊಸದಾಗಿ ಆರಂಭಿಸಲೇಬೇಕಾದ್ದರಿಂದ ಬಂದದ್ದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕೈಕೆಲಸದ ಚೆಲುವು ಅದರ ಕುಂದಿನಲ್ಲಿದೆ, ಸ್ವಲ್ಪ ಓರೆಕೋರೆ ಇದ್ದರೇ ಅದು ಅಸಲಿ ಎಂಬ ಮಾತು ಈಗ ಬಹಳ ಚಾಲ್ತಿಯಲ್ಲಿದೆ. ಆ ಮಾತನ್ನು ಧಾರವಾಡದ ಕಡೆಯ ಕಸೂತಿ ಹಾಕುವ ಹೆಂಗಸರ ಮುಂದೆ ಹೇಳಿದರೆ ಅವರು ನಗುವುದೇ ಸರಿ. ಕಸೂತಿಯಲ್ಲಿ ಚಿತ್ರವನ್ನು ಬಟ್ಟೆಯ ಮೇಲೆ ಮೊದಲು ಬರೆದುಕೊಳ್ಳುವುದಿಲ್ಲ. ಬಟ್ಟೆಯ ಹಾಸುಹೊಕ್ಕಿನ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದು ಮನೆ ಹಾಕಿ ಒಂದು ಮನೆ ಬಿಟ್ಟು ಮುಂದೆ ಹೋಗಿ, ಹಿಂತಿರುಗುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಹೊರಟಲ್ಲಿಗೆ ಬರುತ್ತದೆ. ಗಂಟು ಹಾಕುವಂತಿಲ್ಲ, ಮುಂಬದಿಗೂ ಹಿಂಬದಿಗೂ ಭೇದ ಕಾಣುವಂತಿಲ್ಲ. ಗೋಪುರವೋ ತೇರೋ ತುಳಸಿ ವೃಂದಾವನವೋ ಆಗಲಿ, ಸೂಜಿ ಯಾವ ದಾರಿಯಲ್ಲಿ ಹೋದರೆ ಎಲ್ಲ ಗೆರೆಯನ್ನೂ ಮುಟ್ಟಿ ಹಿಂತಿರುಗಬಹುದು ಎಂಬ ಲೆಕ್ಕ ಮನಸ್ಸಿನಲ್ಲಿ ಪೂರ್ತಿಯಾಗಿರಬೇಕು. ಒಂದು ಎಳೆ ತಪ್ಪಿದರೆ ಆ ತಪ್ಪು ಮುಂದಿನ ಪ್ರತಿ ಸಾಲಿಗೂ ಸಾಗುತ್ತದೆ, ಆಗ ಬಿಚ್ಚದೆ ಗತಿಯಿಲ್ಲ. ಇಂಥ ಕೆಲಸ ಮಾಡಿದವರಿಗೆ ಕುಂದು ಕುಂದೇ. ಸಾಮಗ್ರಿಯ ಸ್ವಭಾವದಿಂದ ಬರುವ ಏರಿಳಿತ, ಉದಾಹರಣೆಗೆ ಕೈನೂಲಿನ ದಪ್ಪ ಸಣ್ಣ, ಬೇರೆ, ಅಜಾಗರೂಕತೆ ಬೇರೆ. ಎರಡನೆಯದನ್ನು ಮೊದಲನೆಯದೆಂದು ಮಾರುವವರಿಂದ ಒಳ್ಳೆಯ ಕೆಲಸಗಾರರಿಗೇ ಮೊದಲು ಪೆಟ್ಟು ಬೀಳುತ್ತದೆ.

ಕೈಕೆಲಸ ಎಷ್ಟು ಕಟ್ಟುನಿಟ್ಟಾಗಿರಬಲ್ಲದು ಎಂಬುದಕ್ಕೆ ರಾಷ್ಟ್ರಧ್ವಜದಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕವಿದೆ. ಧಾರವಾಡ ಜಿಲ್ಲೆಯ ಗರಗ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಂಥ ಊರುಗಳಲ್ಲಿ ಕೈಯಿಂದ ನೂತು ಕೈಮಗ್ಗದಲ್ಲಿ ನೇಯ್ದ ಬಟ್ಟೆ ಇಲ್ಲಿ ಬಣ್ಣ ಕಂಡು, ಕತ್ತರಿಸಿ ಹೊಲಿದು ಧ್ವಜವಾಗುತ್ತದೆ. ಭಾರತೀಯ ಮಾನಕ ಬ್ಯೂರೋ ಧ್ವಜಕ್ಕೆ ಗೊತ್ತುಪಡಿಸಿದ ಅಳತೆಗಳು ಒಂಬತ್ತು, ಎಲ್ಲದರಲ್ಲಿಯೂ ಉದ್ದ ಅಗಲಗಳ ಪ್ರಮಾಣ 3:2. ಅತಿ ದೊಡ್ಡದು 6,300 ಮಿಲಿಮೀಟರ್ ಉದ್ದ, 4,200 ಮಿಲಿಮೀಟರ್ ಅಗಲ. ನೂಲು, ನೇಯ್ಗೆ, ಬಣ್ಣ, ಹೊಲಿಗೆ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. 24 ಗೆರೆಗಳ ಚಕ್ರವನ್ನು ಬಟ್ಟೆಯ ಎರಡೂ ಬದಿಗಳಲ್ಲಿ ಒಂದರ ಹಿಂದೆ ಒಂದು ಸರಿಯಾಗಿ ಕೂರುವಂತೆ ಮುದ್ರಿಸಬೇಕು. ಇಲ್ಲಿ ಓರೆಕೋರೆಗೆ ರಿಯಾಯಿತಿಯಿಲ್ಲ.

ಅದೇ ಧ್ವಜ ಕೈಕೆಲಸದ ಅರ್ಥದ ಬಗ್ಗೆ ಇನ್ನೊಂದು, ಹೆಚ್ಚು ಕಠಿಣವಾದ ಪ್ರಶ್ನೆಯನ್ನೂ ಎತ್ತುತ್ತದೆ. ಬಹುಕಾಲ ನಿಯಮದ ಪ್ರಕಾರ ಧ್ವಜದ ಬಟ್ಟೆ ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯೇ ಆಗಿರಬೇಕಿತ್ತು. 2021ರ ಡಿಸೆಂಬರ್ 30ರ ಆದೇಶದಿಂದ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅವಕಾಶ ಸಿಕ್ಕಿತು. ಎಲ್ಲ ಮನೆಗಳಿಗೂ ಧ್ವಜ ಕಡಿಮೆ ಬೆಲೆಗೆ ತಲುಪಬೇಕೆಂಬುದು ಬದಲಾವಣೆಯನ್ನು ಸಮರ್ಥಿಸುವವರ ವಾದ, ಅದನ್ನು ತಳ್ಳಿಹಾಕಲಾಗದು. ಬೆಂಗೇರಿಯವರು ಇದನ್ನು ವಿರೋಧಿಸಿ ಪ್ರತಿಭಟಿಸಿದರು. ಕಂಬದ ಮೇಲೆ ಹಾರುವ ಎರಡು ಧ್ವಜಗಳ ಬಣ್ಣ, ಅಳತೆ, ಚಕ್ರ ಒಂದೇ ಆಗಿದ್ದರೆ ಕೆಳಗೆ ನಿಂತು ನೋಡುವವರಿಗೆ ವ್ಯತ್ಯಾಸ ತಿಳಿಯದಿರಬಹುದು. ವ್ಯತ್ಯಾಸವಿರುವುದು ಆ ಬಟ್ಟೆ ಬಂದ ದಾರಿಯಲ್ಲಿ. ಖಾದಿ ಸ್ವಾತಂತ್ರ್ಯ ಹೋರಾಟದ ಭಾಗವಾದದ್ದು ಅದು ಗಿರಣಿಯ ಬಟ್ಟೆಗಿಂತ ನುಣುಪಾಗಿತ್ತೆಂದಲ್ಲ, ಯಾರು ಮಾಡಿದರು ಎಂಬುದೇ ಅದರ ಅರ್ಥವಾಗಿತ್ತೆಂದು. ವಸ್ತುವಿನ ಅರ್ಥ ಅದರ ರೂಪದಲ್ಲಿ ಮಾತ್ರವಲ್ಲ, ಅದು ಉಂಟಾದ ಬಗೆಯಲ್ಲಿಯೂ ಇರಬಲ್ಲದೆಂದು ಒಪ್ಪುವವರಿಗೆ ಮಾತ್ರ ಬೆಂಗೇರಿಯವರ ವಾದ ತಿಳಿಯುತ್ತದೆ. ನಾನು ಆ ಕಡೆಯವನು.

ಈ ಒಪ್ಪಿಗೆ ಬರಿಯ ಭಾವುಕತೆಯಲ್ಲ. ಮೂವರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಂದೇ ಬಗೆಯ ವಸ್ತುವನ್ನು ಕೈಯಿಂದ ಮಾಡಿದ್ದೆಂದೂ ಯಂತ್ರದ್ದೆಂದೂ ಬೇರೆ ಬೇರೆಯವರಿಗೆ ಹೇಳಿ ಅವರ ಪ್ರತಿಕ್ರಿಯೆ ಗಮನಿಸಿತು. ಕೈಯಿಂದ ಮಾಡಿದ್ದರಲ್ಲಿ ಮಾಡಿದವರ ಪ್ರೀತಿ ತುಂಬಿದೆ ಎಂದು ಜನ ಭಾವಿಸುತ್ತಾರೆ ಎಂಬುದು ಅದರ ಮುಖ್ಯ ಫಲಿತಾಂಶ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಆತ್ಮೀಯರಿಗೆ ಉಡುಗೊರೆ ಕೊಳ್ಳುವಾಗ ಈ ಒಲವು ಹೆಚ್ಚುತ್ತದೆ, ಅಷ್ಟು ಹತ್ತಿರದವರಲ್ಲದವರಿಗೆ ಕೊಳ್ಳುವಾಗ ಕಾಣಿಸುವುದಿಲ್ಲ. ನಮ್ಮ ಭಾಷೆಗೆ ಇದು ಹೊಸ ಸುದ್ದಿಯೇನಲ್ಲ. ಒಂದೇ ಅಕ್ಕಿ, ಒಂದೇ ಬೇಳೆಯಿಂದ ಇಬ್ಬರು ಸಾರು ಮಾಡಿದರೆ ರುಚಿ ಬೇರೆಯಾಗುವುದನ್ನು ಕೈರುಚಿ ಎಂದೆವು. ಒಬ್ಬ ವೈದ್ಯರ ಔಷಧಿ ನಾಟುವುದನ್ನು, ಒಬ್ಬರು ನೆಟ್ಟ ಗಿಡ ಚಿಗುರುವುದನ್ನು ಕೈಗುಣ ಎಂದೆವು. ಮನುಷ್ಯನೊಳಗಿನದೇನೋ ಕೈಯ ಮೂಲಕ ವಸ್ತುವಿಗೆ ಇಳಿಯುತ್ತದೆ ಎಂಬ ನಂಬಿಕೆ ಈ ಪದಗಳಲ್ಲಿದೆ. ಅದು ಭೌತಶಾಸ್ತ್ರದಲ್ಲಿ ನಿಲ್ಲುವುದಿಲ್ಲ ನಿಜ, ಆದರೆ ಮಾಡಿದವರ ಗಮನ, ಸಮಯ, ತೀರ್ಮಾನಗಳು ವಸ್ತುವಿನಲ್ಲಿ ಉಳಿಯುತ್ತವೆ ಎಂಬ ಮಟ್ಟಿಗೆ ಅಕ್ಷರಶಃ ಸತ್ಯ.

ಮಾರಾಟಕ್ಕಲ್ಲದೆ ಮನೆಯವರಿಗಾಗಿ ಮಾಡಿದ ವಸ್ತುಗಳಲ್ಲಿ ಇದು ಇನ್ನೂ ನಿಚ್ಚಳ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರವಾಗಿ ಇಟ್ಟು ಸಾಲುಹೊಲಿಗೆಯಿಂದ ಹೊಲಿಯುವ ಕೌದಿ ಬಡತನದ ಉಪಾಯವೂ ಹೌದು, ಮನೆತನದ ಕಡತವೂ ಹೌದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯ ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಸಣ್ಣ ‘ಫೂಲ’ಗಳಿರಬೇಕು, ಅವಿಲ್ಲದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಹೊದೆದುಕೊಳ್ಳಲು ಆ ಫೂಲಗಳಿಂದ ಯಾವ ಪ್ರಯೋಜನವೂ ಇಲ್ಲ.

ಕೈಕೆಲಸವನ್ನು ಒಂದು ತತ್ತ್ವವಾಗಿ ಎತ್ತಿಹಿಡಿದವರೆಲ್ಲ ಯಂತ್ರ ಬಂದ ಮೇಲಿನವರೇ, ಮತ್ತು ಅವರ ಕಾರಣಗಳು ಒಂದೇ ಆಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ವಿನ್ಯಾಸಕಾರ ವಿಲಿಯಂ ಮೋರಿಸ್‌ಗೆ ದುಡಿಯುವವನ ಸಂತೋಷ ಮುಖ್ಯವಾಗಿತ್ತು, ಆದರೆ ಆತನ ಕಾರ್ಯಾಗಾರದ ಸರಕನ್ನು ಕೊಳ್ಳಲು ಆದದ್ದು ಹೆಚ್ಚಾಗಿ ಶ್ರೀಮಂತರಿಗೆ. 1920ರ ದಶಕದ ಜಪಾನಿನಲ್ಲಿ ಚಿಂತಕ ಯಾನಾಗಿ ಸೋಯೆತ್ಸು ಹೆಸರಿಲ್ಲದ ಕೆಲಸಗಾರರು ದಿನಬಳಕೆಗೆ ಮಾಡಿದ ಬಟ್ಟಲು, ಬುಟ್ಟಿಗಳಲ್ಲಿಯೇ ನಿಜವಾದ ಸೌಂದರ್ಯ ಕಂಡ. ಅಲಂಕಾರವಿರಲೇಬೇಕೆನ್ನುವ ನಮ್ಮ ಸುಂಕದ ವ್ಯಾಖ್ಯೆಗೆ ಇದಕ್ಕಿಂತ ಒಳ್ಳೆಯ ಪ್ರತ್ಯುತ್ತರವಿಲ್ಲ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತಾಗ ಅವರ ಮುಂದಿದ್ದದ್ದು ಕೋಟ್ಯಂತರ ಜನರ ಹೊಟ್ಟೆಪಾಡಿನ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ, ಮತ್ತು ಕೈಕೆಲಸದ ಆಕರ್ಷಣೆಯನ್ನು ವಿವರಿಸುವಾಗ ಇದನ್ನು ಬಿಟ್ಟರೆ ವಿವರಣೆ ಅರ್ಧ ಸುಳ್ಳಾಗುತ್ತದೆ. 2019-20ರ ನಾಲ್ಕನೆಯ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ 35.22 ಲಕ್ಷ ಕೈಮಗ್ಗ ಕಾರ್ಮಿಕರಿದ್ದಾರೆ, ಅವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಹಿಳೆಯರು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಕೈಮಗ್ಗದ ಸೀರೆ ದುಬಾರಿ ಎಂದು ಕೊಳ್ಳುವವರು ಗೊಣಗುವುದೂ ನೇಯುವವರ ಮನೆಯ ಒಲೆ ಸರಿಯಾಗಿ ಉರಿಯದಿರುವುದೂ ಏಕಕಾಲಕ್ಕೆ ನಿಜವಾಗಿರುವುದಕ್ಕೆ ಕಾರಣ ಕೈಕೆಲಸದ ಸ್ವಭಾವದಲ್ಲಿಯೇ ಇದೆ. ಯಂತ್ರದ ವೇಗ ಹೆಚ್ಚಿದಂತೆ ಅದರ ಸರಕಿನ ಬೆಲೆ ಇಳಿಯುತ್ತದೆ. ಕೊಂಡಿ ಹಾಕುವ ಬೆರಳಿನ ವೇಗ ಅಜ್ಜಿಯ ಕಾಲದಲ್ಲಿದ್ದಷ್ಟೇ ಇಂದಿಗೂ ಇದೆ, ಆದರೆ ಅಕ್ಕಿಯ ಬೆಲೆ, ಮಕ್ಕಳ ಶಾಲೆಯ ಶುಲ್ಕ ಅಜ್ಜಿಯ ಕಾಲದವಲ್ಲ. ಆ ಅಂತರವನ್ನು ಯಾರಾದರೂ ತುಂಬಲೇಬೇಕು. ಕೊಳ್ಳುವವರು ತುಂಬದಿದ್ದರೆ ನೇಕಾರ ತನ್ನ ಕೂಲಿಯಿಂದ ತುಂಬುತ್ತಾನೆ, ನೇಕಾರನಿಗೆ ಆಗದಿದ್ದರೆ ಮಗ್ಗ ನಿಲ್ಲುತ್ತದೆ. ಅದರ ಮೇಲೆ, ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರು ಕೈಮಗ್ಗದ ಹೆಸರಿಗೆ ಸಿಗಬೇಕಾದ ಬೆಲೆಯನ್ನೂ ಕಿತ್ತುಕೊಳ್ಳುತ್ತಾರೆ. ಇದನ್ನು ತಡೆಯಲೆಂದೇ 2006ರಲ್ಲಿ ಕೈಮಗ್ಗದ ಗುರುತುಚೀಟಿ ಬಂದಿತು. ಇಳಕಲ್ ಸೀರೆ, ಕಸೂತಿ, ಬಿದ್ರಿ, ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ಇದರೊಳಗೆ ಇನ್ನೊಂದು ಲೆಕ್ಕಕ್ಕೆ ಬಾರದ ದುಡಿಮೆಯಿದೆ. ಮಗ್ಗದ ಮುಂದೆ ಕುಳಿತವರನ್ನು ನೇಕಾರರೆಂದು ಕರೆಯುತ್ತೇವೆ. ಅದಕ್ಕೆ ಮುಂಚೆ ನೂಲು ಸುತ್ತುವ, ಗಂಜಿ ಹಾಕುವ, ಹಾಸು ಹೂಡುವ ಕೆಲಸಗಳು ಹೆಚ್ಚಾಗಿ ಮನೆಯ ಹೆಂಗಸರದು. ಸೀರೆಗೆ ಇಷ್ಟೆಂದು ಕೂಲಿ ಕೊಡುವ ಪದ್ಧತಿಯಲ್ಲಿ ಅವರ ದಿನಗಳು ಒಳಗೇ ಸೇರಿಹೋಗುತ್ತವೆ, ಬೇರೆಯಾಗಿ ಯಾರೂ ಎಣಿಸುವುದಿಲ್ಲ. ಆದ್ದರಿಂದ ಇಳಕಲ್ ಸೀರೆ ಕೊಳ್ಳುವವರು ಅಂಗಡಿಯಲ್ಲಿ ಸೀರೆಯನ್ನು ಪೂರ್ತಿ ಬಿಚ್ಚಿಸಿ, ಒಡಲು ಮುಗಿದು ಸೆರಗು ಆರಂಭವಾಗುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲ್ಲಿ ಒಡಲಿನ ಎಳೆ ನಿಂತು ಕೆಂಪು ಎಳೆ ಶುರುವಾಗಿದ್ದರೆ, ಬೆರಳಿಗೆ ಸಣ್ಣ ಏರು ತಾಗಿದರೆ, ಅದು ಕೊಂಡಿ. ಆಮೇಲೆ ಅಂಗಡಿಯವರನ್ನು ಕೇಳಬೇಕಾದದ್ದು ಎಷ್ಟಕ್ಕೆ ಕೊಡುತ್ತೀರಿ ಎಂದಲ್ಲ. ಈ ಸೀರೆಗೆ ಎಷ್ಟು ದಿನ ಹಿಡಿಯಿತು, ಕೊಂಡಿ ಹಾಕಿದವರು ಯಾರು ಎಂದು.